ಪ್ಲಾಂಟ್ 160 ಟನ್ನಿನದು, ಪುಡಿ ಮಾತ್ರ ಒದ್ದೆ: ಉಡುಪಿ ಜಿಲ್ಲೆಯ ಒಂದು ಹಾಟ್ ಮಿಕ್ಸ್ ಪ್ಲಾಂಟಿನ ಪ್ರಕರಣ

ಜಲ್ಲಿಯನ್ನು ಬಿಸಿ ಮಾಡಿ ಡಾಮರು ಬೆರೆಸಿ ರಸ್ತೆಗೆ ಕೊಡುವುದು ಹಾಟ್ ಮಿಕ್ಸ್ ಪ್ಲಾಂಟ್. ಗಂಟೆಗೆ 160 ಟನ್ ಕೊಡಬೇಕಾದ ಅಂಥದೊಂದು ಪ್ಲಾಂಟ್ ಯಾಕೆ ಅಷ್ಟು ಕೊಡಲಿಲ್ಲ ಎಂಬ ಕಥೆ ಇದು. ಇಲ್ಲಿ ಕಂಪನಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ರಸ್ತೆಯ ನಂಬರೂ ಇಲ್ಲ. ಉಡುಪಿ ಜಿಲ್ಲೆಯ ಒಳಭಾಗದಲ್ಲಿ, ಘಟ್ಟದ ಕಡೆಗೆ ಹೋಗುವ ಒಂದು ರಸ್ತೆ ಅಂದುಕೊಳ್ಳಿ. ಗುರುತು ಸಿಗದಿರಲಿ ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಲೆಕ್ಕ ತಪ್ಪದ ಹಾಗೆ. ನಾನು ಆಗ ಅಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಉಂಟು. ಅದು ಬರುವ ಜಾಗದಲ್ಲಿ ಹೇಳುತ್ತೇನೆ.

ಹಿನ್ನೆಲೆ

ಕೆಲಸ 25 ಕಿಲೋಮೀಟರ್ ರಸ್ತೆಯನ್ನು ನಾಲ್ಕು ಪಥ ಮಾಡುವುದು. ಒಂದೊಂದು ಬದಿಗೆ 7 ಮೀಟರ್ ಅಗಲ. ಕೆಳಗೆ 60 ಮಿಲಿಮೀಟರ್ ಡಿಬಿಎಂ (ಡೆನ್ಸ್ ಬಿಟುಮಿನಸ್ ಮೆಕ್ಯಾಡಮ್, ಅಡಿಯ ಡಾಮರು ಪದರ), ಅದರ ಮೇಲೆ 40 ಮಿಲಿಮೀಟರ್ ಬಿ.ಸಿ. (ಬಿಟುಮಿನಸ್ ಕಾಂಕ್ರೀಟ್, ಮೇಲ್ಮೈಯ ಡಾಮರು ಪದರ). ರಸ್ತೆ ಕೆಲಸ ಗೊತ್ತಿಲ್ಲದವರಿಗೆ ಒಂದು ಸುಲಭದ ಲೆಕ್ಕ ಹೇಳುತ್ತೇನೆ. 7 ಮೀಟರ್ ಅಗಲ, 60 ಮಿಲಿಮೀಟರ್ ದಪ್ಪದ ಡಿಬಿಎಂಗೆ ಒಂದು ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 1 ಟನ್ ಮಾಲು ಬೇಕು. ಕಿಲೋಮೀಟರಿಗೆ 1,000 ಟನ್. ಎರಡೂ ಬದಿ, ಎರಡೂ ಪದರ, ಜಂಕ್ಷನ್ನು, ಬಸ್‌ಬೇ ಎಲ್ಲ ಸೇರಿಸಿದರೆ ನಮ್ಮದು 90 ಸಾವಿರ ಟನ್ನಿನ ಹತ್ತಿರ ಹತ್ತಿರ ಬರುತ್ತಿತ್ತು.

ಅಷ್ಟು ಮಾಲಿಗೆ ಒಂದೇ ಜಾಗದಲ್ಲಿ ನಿಲ್ಲುವ ಬ್ಯಾಚ್ ಪ್ಲಾಂಟ್ ಹಾಕುವುದೆಂದು ತೀರ್ಮಾನವಾಯಿತು. ಪಂಚಾಯತ್ ರಸ್ತೆಗಳಿಗೆ ಡಾಮರು ಹಾಕುವಲ್ಲಿ ಸಾಮಾನ್ಯವಾಗಿ ಕಾಣುವುದು ಡ್ರಮ್ ಮಿಕ್ಸ್ ಪ್ಲಾಂಟ್. ಅದರಲ್ಲಿ ಜಲ್ಲಿ ಒಣಗುವುದೂ ಡಾಮರು ಬೆರೆಯುವುದೂ ಒಂದೇ ಡ್ರಮ್ಮಿನಲ್ಲಿ, ನಿಲ್ಲದೆ. ಬ್ಯಾಚ್ ಪ್ಲಾಂಟಿನ ರೀತಿ ಬೇರೆ. ಜಲ್ಲಿ ಡ್ರೈಯರಿನಲ್ಲಿ ಒಣಗಿ ಬಿಸಿಯಾಗಿ, ಬಕೆಟ್ ಎಲಿವೇಟರಿನಲ್ಲಿ ಮೇಲೆ ಹೋಗಿ, ಜರಡಿಯಲ್ಲಿ ಗಾತ್ರಕ್ಕೆ ತಕ್ಕ ಹಾಗೆ ಬೇರೆ ಬೇರೆ ಹಾಟ್ ಬಿನ್ನಿಗೆ ಬೀಳುತ್ತದೆ. ಅಲ್ಲಿಂದ ಒಂದೊಂದನ್ನೂ ತೂಗಿ ಕೆಳಗಿನ ಮಿಕ್ಸರಿಗೆ ಬಿಡುತ್ತದೆ. ಡಾಮರಿಗೂ ಫಿಲ್ಲರಿಗೂ (ಹಿಟ್ಟಿನಂಥ ನುಣುಪು ಪುಡಿ) ಬೇರೆ ತೂಕ. ನಮ್ಮ ಪ್ಲಾಂಟಿನಲ್ಲಿ ಒಂದು ಬ್ಯಾಚಿಗೆ 2 ಟನ್, 45 ಸೆಕೆಂಡಿಗೆ ಒಂದು ಬ್ಯಾಚು. ಗಂಟೆಗೆ 80 ಬ್ಯಾಚು, 160 ಟನ್. ದಿನಕ್ಕೆ ಏಳೆಂಟು ಗಂಟೆ ಓಡಿಸಿದರೆ ಒಂದು ಬದಿಯಲ್ಲಿ ಒಂದು ಕಿಲೋಮೀಟರ್ ಡಿಬಿಎಂ ಮುಗಿಯಬೇಕು. ಕಾಗದದ ಮೇಲೆ ಬಹಳ ಚಂದ.

ಜಾಗ ಹುಡುಕುವುದೇ ದೊಡ್ಡ ಪಾಡಾಯಿತು. ಬಿಸಿ ಮಾಲು ದಾರಿಯಲ್ಲಿ ತಣಿಯುತ್ತದೆ. ಹಾಗಾಗಿ ಪ್ಲಾಂಟ್ ರಸ್ತೆಯ ನಡುಭಾಗದಲ್ಲಿ ಇದ್ದರೆ ಒಳ್ಳೆಯದು. ಆದರೆ ನಮ್ಮ ಊರುಗಳು ಹೇಗೆ ಅಂತ ಗೊತ್ತಲ್ಲ. ಮನೆಗಳು ಒಂದೇ ಕಡೆ ಗುಂಪಾಗಿ ಇರುವುದಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು. ಐದಾರು ಎಕರೆ ಸಮತಟ್ಟು ಜಾಗ, ಹತ್ತಿರ ಮನೆಯಿಲ್ಲ, ಟಿಪ್ಪರ್ ಹೋಗುವ ದಾರಿಯುಂಟು ಅಂದರೆ ಉಳಿದದ್ದು ಒಂದೇ: ಕಲ್ಲು ತೆಗೆದು ಬಿಟ್ಟುಹೋದ ಕೆಂಪುಕಲ್ಲಿನ ಕೋರೆ. ನೆಲ ಗಟ್ಟಿ, ಬಾಡಿಗೆ ಕಡಿಮೆ. ಸುತ್ತ ಮೂರು ಮೀಟರ್ ಎತ್ತರದ ಕಲ್ಲಿನ ಗೋಡೆ ಇರುವುದರಿಂದ ಧೂಳು, ಶಬ್ದ ಹೊರಗೆ ಹೋಗುವುದೂ ಕಡಿಮೆ. ಎಲ್ಲರಿಗೂ ಖುಷಿ. ಕೋರೆ ಎಂದರೆ ಹೊಂಡ, ಹೊಂಡ ಎಂದರೆ ನೀರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾವು ಜಾಗ ನೋಡಲು ಹೋದದ್ದು ಮಾರ್ಚ್ ತಿಂಗಳಲ್ಲಿ.

ಇನ್ನೊಂದು ತೀರ್ಮಾನ ಜುಲೈಯಲ್ಲಿ ಆಯಿತು. ಮಳೆಗಾಲದಲ್ಲಿ ಡಾಮರು ಕೆಲಸ ನಿಲ್ಲುತ್ತದೆ, ಕ್ರಷರಿನಲ್ಲಿ ಮಾಲು ಬಿದ್ದಿರುತ್ತದೆ, ರೇಟೂ ಇಳಿಯುತ್ತದೆ. ಅಕ್ಟೋಬರಿನಲ್ಲಿ ಎಲ್ಲ ಗುತ್ತಿಗೆದಾರರೂ ಒಟ್ಟಿಗೆ ಕ್ರಷರಿನ ಬಾಗಿಲಿಗೆ ಬರುತ್ತಾರೆ. ಆಗ ಪರದಾಡುವುದು ಬೇಡ ಎಂದು ಖರೀದಿ ವಿಭಾಗದವರು 6 ಸಾವಿರ ಟನ್ ಜಲ್ಲಿಪುಡಿ ತರಿಸಿ ಕೋರೆಯಲ್ಲಿ ಗುಡ್ಡೆ ಹಾಕಿಸಿದರು. ಮುಂದಾಲೋಚನೆ ಎಂದು ಹೆಡ್ ಆಫೀಸಿನಿಂದ ಹೊಗಳಿಕೆಯೂ ಬಂತು. ಪುಡಿ ಬಂದಾಗ ಪರೀಕ್ಷೆ ಮಾಡಿ ಸಹಿ ಹಾಕಿದವನು ನಾನು. ಜರಡಿ ಹಿಡಿದೆ, ಗಾತ್ರ ಸರಿ ಇತ್ತು. ತೇವಾಂಶ ನೋಡಲಿಲ್ಲ. ಜುಲೈಯಲ್ಲಿ ಎಲ್ಲವೂ ಒದ್ದೆಯೇ, ಅದರಲ್ಲಿ ನೋಡುವುದೇನು ಅಂತ ಬಿಟ್ಟೆ. ತೂಕದ ಲೆಕ್ಕದಲ್ಲಿ ಕೊಂಡ ಮಾಲು ಅದು. ನೂರು ಟನ್ನಿನ ಬಿಲ್ಲಿನಲ್ಲಿ ಹತ್ತು ಟನ್ ಬರೀ ನೀರಿಗೆ ದುಡ್ಡು ಕೊಟ್ಟಿದ್ದೇವೆ ಎಂದು ತಿಳಿದದ್ದು ನಾಲ್ಕು ತಿಂಗಳ ಮೇಲೆ.

ಸಮಸ್ಯೆ

ಅಕ್ಟೋಬರ್ ಕೊನೆಯಲ್ಲಿ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಪ್ಲಾಂಟ್ ಶುರು ಮಾಡಿದೆವು. ಕರಾವಳಿಯಲ್ಲಿ ಅಕ್ಟೋಬರ್ ಎಂದರೆ ಮಳೆಗಾಲ ಪೂರ್ತಿ ಮುಗಿದಿರುವುದಿಲ್ಲ. ಹಗಲು ಸುಡುವ ಬಿಸಿಲು, ಸಂಜೆ ಐದಕ್ಕೆ ಗುಡುಗು, ಒಂದು ಗಂಟೆ ಜಡಿಮಳೆ. ಬೆಳಿಗ್ಗೆ ಮತ್ತೆ ಬಿಸಿಲು.

ಮೊದಲ ವಾರದ ಸರಾಸರಿ ಗಂಟೆಗೆ 112 ಟನ್. ಹೊಸ ಪ್ಲಾಂಟ್, ಹುಡುಗರ ಕೈ ಪಳಗಬೇಕು ಎಂದು ಸುಮ್ನೆ ಇದ್ದೆವು. ಎರಡನೇ ವಾರವೂ ಅಷ್ಟೇ. ಡ್ರೈಯರಿನ ಬರ್ನರಿನಲ್ಲಿ ಸುಡುವ ಎಣ್ಣೆ ಮಾತ್ರ ಟನ್ನಿಗೆ ಎಂಟು ಲೀಟರ್ ದಾಟಿತ್ತು. ಅಂದಾಜು ಮಾಡಿದ್ದು ಆರು.

ಅದಕ್ಕಿಂತ ಕೆಟ್ಟದ್ದು ಮಾಲಿನ ಬಿಸಿ. ನಾವು ಬಳಸುತ್ತಿದ್ದದ್ದು ವಿಜಿ-30 ಎಂಬ ದರ್ಜೆಯ ಡಾಮರು, ಮಂಗಳೂರಿನ ರಿಫೈನರಿಯಿಂದ ಟ್ಯಾಂಕರಿನಲ್ಲಿ ಬರುತ್ತಿತ್ತು. ಹೆದ್ದಾರಿ ಇಲಾಖೆಯ ನಿರ್ದಿಷ್ಟತೆಯ ಪ್ರಕಾರ ಈ ಡಾಮರಿನ ಮಾಲು ಪ್ಲಾಂಟಿನಿಂದ ಹೊರಡುವಾಗ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಸುವಾಗ 140ಕ್ಕಿಂತ ಕೆಳಗೆ ಇಳಿಯಬಾರದು. ರೋಲರ್ ಉರುಳುವಾಗ 90 ಇರಲೇಬೇಕು. ನಮ್ಮಲ್ಲಿ ಒಂದು ಟಿಪ್ಪರ್ 176ಕ್ಕೆ ಹೊರಟರೆ ಮುಂದಿನದ್ದು 146ಕ್ಕೆ. ರಸ್ತೆಯಲ್ಲಿ ಮಾಲು ಹಾಸುವ ಯಂತ್ರದ, ಎಂದರೆ ಪೇವರಿನ ಹತ್ತಿರ ಥರ್ಮಾಮೀಟರ್ ಚುಚ್ಚಿದರೆ 134. ವಾಪಸು ಕಳಿಸಿ ಅಂದರೆ ಟಿಪ್ಪರ್ ಡ್ರೈವರ್ ಮುಖ ಊದಿಸುತ್ತಿದ್ದ. 18 ಟನ್ ಮಾಲನ್ನು ಎಲ್ಲಿ ಸುರಿಯುವುದು? ಕೋರೆಯ ಒಂದು ಮೂಲೆಯಲ್ಲಿ ಕಪ್ಪು ಗುಡ್ಡೆ ಬೆಳೆಯತೊಡಗಿತು. ಬೆಳಿಗ್ಗೆ ಬಂದವರಿಗೆಲ್ಲ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅದೇ.

ಮಾಡಿ ನೋಡಿದ್ದು

ಪ್ಲಾಂಟ್ ಇನ್‌ಚಾರ್ಜ್ ಹದಿನೈದು ವರ್ಷದ ಅನುಭವಿ. ಆದರೆ ಅದೆಲ್ಲ ಬಯಲುಸೀಮೆಯ ಅನುಭವ. ಅವರ ಪ್ರಕಾರ ಬರ್ನರ್ ಸಾಲುತ್ತಿರಲಿಲ್ಲ. ಬೆಂಕಿ ಜಾಸ್ತಿ ಮಾಡಿದರು. ಎರಡು ದಿನ ಬಿಸಿ ಏರಿತು. ಮೂರನೇ ದಿನ ಚಿಮಣಿಯಿಂದ ಕಪ್ಪು ಹೊಗೆ.

ಇದು ಯಾಕೆ ಹಾಗಾಗುತ್ತದೆ ಎಂದು ಆಗ ನಮಗೆ ಸರಿಯಾಗಿ ಹೊಳೆದಿರಲಿಲ್ಲ. ಡ್ರೈಯರಿನ ಮಿತಿ ಬರೀ ಬೆಂಕಿಯದಲ್ಲ, ಗಾಳಿ ಎಳೆಯುವ ಫ್ಯಾನಿನದು. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರಿನಷ್ಟು ಜಾಗ ಹಿಡಿಯುತ್ತದೆ. ನಮ್ಮ ಡ್ರೈಯರಿನಲ್ಲಿ ಗಂಟೆಗೆ ಆರು ಟನ್ನಿಗೂ ಹೆಚ್ಚು ನೀರು ಹಬೆಯಾಗುತ್ತಿತ್ತು. ಮದುವೆ ಮನೆಗೆ ತರಿಸುವ ಒಂದು ಟ್ಯಾಂಕರ್ ನೀರು ಗಂಟೆಗೊಮ್ಮೆ ಆವಿಯಾದ ಹಾಗೆ. ಫ್ಯಾನು ಹಬೆಯನ್ನೇ ಎಳೆಯುವುದರಲ್ಲಿ ಸುಸ್ತು. ಬೆಂಕಿಗೆ ಬೇಕಾದ ಗಾಳಿ ಒಳಗೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಎಣ್ಣೆ ಜಾಸ್ತಿ ಬಿಟ್ಟರೆ ಅದು ಪೂರ್ತಿ ಉರಿಯದೆ ಮಸಿಯಾಗುತ್ತದೆ. ಮಸಿ ಹೊರಗೆ ಹೋದದ್ದು ಕಾಣುತ್ತದೆ. ಜಲ್ಲಿಯ ಮೇಲೆ ಕೂತದ್ದು ಕಾಣುವುದಿಲ್ಲ. ಅದರ ಮೇಲೆ ಡಾಮರು ಸರಿಯಾಗಿ ಹಿಡಿಯುವುದೂ ಇಲ್ಲ.

ಅಷ್ಟರಲ್ಲಿ ಪ್ಲಾಂಟ್ ಕೊಟ್ಟ ಕಂಪನಿಯ ಸರ್ವಿಸ್ ಇಂಜಿನಿಯರ್ ಬಂದು ನಾಝಲ್ ಬದಲಿಸಿ ಹೋದರು. ಧೂಳು ಹಿಡಿಯುವ ಬ್ಯಾಗ್ ಫಿಲ್ಟರಿನ ಕಡೆ ಅವರು ಬೆರಳು ತೋರಿಸಿ ಹೇಳಿದ ಮಾತು ನೆನಪಿದೆ. ಈ ಬಟ್ಟೆ ಚೀಲಗಳು ತಡೆಯುವುದು 200 ಡಿಗ್ರಿಯ ಆಸುಪಾಸು, ಅದಕ್ಕಿಂತ ಮೇಲೆ ಹೋದರೆ ಸುಟ್ಟುಹೋಗುತ್ತವೆ. ತೀರಾ ತಣ್ಣಗಾದರೂ ಕಷ್ಟ, ಹಬೆ ನೀರಾಗಿ ಧೂಳಿನ ಜೊತೆ ಸೇರಿ ಚೀಲದ ಮೇಲೆ ಕೆಸರು ಮೆತ್ತಿದ ಹಾಗಾಗುತ್ತದೆ. ನಮಗೆ ಆಗಿದ್ದದ್ದು ಎರಡನೆಯದು. ಚೀಲ ತೊಳೆದು ಒಣಗಿಸಲು ಒಂದೂವರೆ ದಿನ ಹೋಯಿತು.

ಡ್ರೈಯರಿಗೆ ಹೋಗುವ ಮೊದಲು ಮಾಲು ತುಂಬಿಡುವ ಕೋಲ್ಡ್ ಬಿನ್ನಿನಲ್ಲಿ ಒದ್ದೆ ಪುಡಿ ಕಮಾನು ಕಟ್ಟಿ ನಿಲ್ಲುತ್ತಿತ್ತು. ಕೆಳಗೆ ಬೆಲ್ಟು ಖಾಲಿ ಓಡುವುದು, ಮೇಲೆ ಬಿನ್ ತುಂಬ ಪುಡಿ. ಒಬ್ಬ ಹುಡುಗನನ್ನು ಸುತ್ತಿಗೆ ಕೊಟ್ಟು ಅಲ್ಲಿ ನಿಲ್ಲಿಸಿದರು. ದಿನವಿಡೀ ಅವನ ಕೆಲಸ ಬಿನ್ನಿಗೆ ಬಡಿಯುವುದು. ಆಮೇಲೆ ವೈಬ್ರೇಟರ್ ಹಾಕಿದರು. ಒದ್ದೆ ಪುಡಿಗೆ ವೈಬ್ರೇಟರ್ ಹಾಕಿದರೆ ಕೆಲವೊಮ್ಮೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಇಲ್ಲಿಯೂ ಹಾಗೇ ಆಯಿತು.

ಇದೆಲ್ಲ ಮೂರು ವಾರದ ಕಥೆ. ಒಂದು ವಿಷಯ ಗಮನಿಸಿ. ಮಾಡಿದ ಅಷ್ಟೂ ಪ್ರಯತ್ನ ಯಂತ್ರದ ಮೇಲೆಯೇ. ದುಬಾರಿ ಯಂತ್ರ ಕಣ್ಣೆದುರು ಇರುವಾಗ ಯಾರೂ ಅದರ ಹಿಂದಿನ ಪುಡಿ ಗುಡ್ಡೆಯ ಕಡೆ ತಲೆ ತಿರುಗಿಸಲಿಲ್ಲ.

ಕ್ಯಾಲೆಂಡರ್

ಕೋರೆಯ ಪಕ್ಕದಲ್ಲಿ, ಒಂದು ಗದ್ದೆ ದಾಟಿ, ಅಡಿಕೆ ತೋಟ. ತೋಟದ ಹಿರಿಯರು ನವೆಂಬರ್ ಎರಡನೇ ವಾರ ನೇರ ಸೈಟಿಗೇ ಬಂದರು. ಪಂಚಾಯತಿಗೆ ಅರ್ಜಿ ಕೊಡುವ ಮೊದಲು ಒಮ್ಮೆ ಮಾತಾಡಿ ಹೋಗುವ ಎಂದು ಬಂದದ್ದಂತೆ.

“ಇಂಜಿನಿಯರ್ರೇ, ಅಂಗಳದಲ್ಲಿ ಅಡಿಕೆ ಹರಡಿದ್ದೇವೆ. ನಿಮ್ಮ ಮಸಿ ಬಂದು ಅದರ ಮೇಲೆ ಕೂರ್ತದೆ. ಇದಕ್ಕೆ ಎಂತ ಮಾಡುದು ಹೇಳಿ?”

“ಈಗೀಗ ಕಡಿಮೆ ಆಗಿದೆ ಅಲ್ವಾ?” ಅಂದೆ.

“ಎಂತ ಕಡಿಮೆ ಮಾರಾಯ್ರೆ! ನಾನು ಬರೆದಿಟ್ಟಿದ್ದೇನೆ, ಬನ್ನಿ ತೋರಿಸ್ತೇನೆ.”

ಹೋದೆ. ಜಗಲಿಯ ಗೋಡೆಯಲ್ಲಿ ಕ್ಯಾಲೆಂಡರ್. ಹಾಲಿನ ಲೆಕ್ಕ, ಕೆಲಸದವರು ಬಂದ ದಿನ, ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಸಣ್ಣದಾಗಿ: ಹೊಗೆ 7:40ರಿಂದ 9:30. ಮರುದಿನ 8ರಿಂದ 10. ಹೀಗೆ ಹದಿನೆಂಟು ದಿನ. ಮಧ್ಯಾಹ್ನದ ಹೊಗೆ ಎಂದು ಬರೆದದ್ದು ಎರಡೇ ದಿನ. ಬೆಲ್ಲ ನೀರು ಕುಡಿದು ಅದರ ಫೋಟೋ ತೆಗೆದುಕೊಂಡು ಬಂದೆ. ಆಗಲೂ ನನ್ನ ತಲೆಯಲ್ಲಿ ಇದ್ದದ್ದು ದೂರಿಗೆ ಉತ್ತರ ಬರೆಯುವುದು ಹೇಗೆ ಎಂದಷ್ಟೇ.

ಅವತ್ತು ಸಂಜೆ ಲ್ಯಾಬಿನ ಹುಡುಗನ ಕೈಗೆ ಅದನ್ನು ಕೊಟ್ಟೆ. ಇಲ್ಲಿಯವನೇ, ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿತ್ತು. ಬ್ಯಾಚ್ ಪ್ಲಾಂಟಿನ ಕಂಪ್ಯೂಟರ್ ಪ್ರತಿ ಬ್ಯಾಚಿನ ಸಮಯ, ತೂಕ, ಬಿಸಿ ಎಲ್ಲವನ್ನೂ ಪ್ರಿಂಟ್ ಮಾಡುತ್ತದೆ. ಅದನ್ನು ನಾವು ಬಿಲ್ಲಿಗೆ ಮಾತ್ರ ಬಳಸುತ್ತಿದ್ದೆವು, ಒಟ್ಟು ಎಷ್ಟು ಟನ್ ಎಂದು ನೋಡಿ ಫೈಲಿಗೆ ಹಾಕುವುದು. ಅವನು ಎರಡು ರಾತ್ರಿ ಕೂತು ಬ್ಯಾಚಿನಿಂದ ಬ್ಯಾಚಿಗೆ ಎಷ್ಟು ಸೆಕೆಂಡ್ ಎಂದು ಗಂಟೆವಾರು ತೆಗೆದ. ದಿನದ ಸರಾಸರಿ 64 ಸೆಕೆಂಡ್. ಆದರೆ ಬೆಳಿಗ್ಗೆ ಹತ್ತರವರೆಗೆ 75ರ ಮೇಲೆ, ಮಧ್ಯಾಹ್ನ 55ರ ಹತ್ತಿರ. ತಡವಾದ ಬ್ಯಾಚುಗಳಲ್ಲಿ ಹೆಚ್ಚಿನವು ಒಂದೇ ಕಡೆ ಕಾಯುತ್ತಿದ್ದವು: ಸಣ್ಣ ಮಾಲಿನ, ಎಂದರೆ ಪುಡಿಯ, ಹಾಟ್ ಬಿನ್ ತುಂಬುವುದಕ್ಕೆ. ಉಳಿದ ಬಿನ್ನುಗಳು ತುಂಬಿ ಚೆಲ್ಲುತ್ತಿದ್ದವು.

ಕ್ಯಾಲೆಂಡರಿನ ಪೆನ್ಸಿಲ್ ಗೆರೆಯೂ ಪ್ರಿಂಟಿನ ಸಾಲೂ ಒಂದರ ಮೇಲೊಂದು ಕೂತವು. ಯಂತ್ರ ಕೆಟ್ಟಿದ್ದರೆ ಇಡೀ ದಿನ ಕೆಡಬೇಕಿತ್ತು. ಬೆಳಿಗ್ಗೆ ಮಾತ್ರ ಕೆಡುವುದು ಯಾಕೆ?

ಉತ್ತರ ಗೊತ್ತಿದ್ದದ್ದು ಲೋಡರ್ ಆಪರೇಟರಿಗೆ. ಕಲಬುರಗಿ ಕಡೆಯವರು, ಮಾತು ಕಡಿಮೆ. ಪುಡಿ ಎಲ್ಲಿಂದ ಎತ್ತುತ್ತೀರಿ ಎಂದು ಕೇಳಿದೆ.

“ಮುಂಜಾನೆ ಪ್ಲಾಂಟಿನವ್ರು ಅವಸರ ಮಾಡ್ತಾರ್ರಿ ಸಾಹೇಬ್ರ. ಹತ್ರದ ಬಾಜೂದಿಂದ ಎತ್ತತೀನ್ರಿ. ಆ ಕಡೀದು ಭಾಳ ಹಸಿ ಐತ್ರಿ, ನೀರು ನಿಂತಿರ್ತದ. ಹೊತ್ತು ಏರಿದ ಮ್ಯಾಲ ಹಿಂದಿನ ಬಾಜೂಕ ಹೋಗತೀನ್ರಿ.”

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲಲ್ರಿ.”

ಇದಕ್ಕೆ ನಾನು ಏನು ಉತ್ತರ ಕೊಡಲಿ!

ಮರುದಿನ ಬೆಳಿಗ್ಗೆ ಆ ಹತ್ತಿರದ ಬದಿಯ ಬುಡದಿಂದ ಅರ್ಧ ಕಿಲೋ ಪುಡಿ ತಂದು ಕ್ಯಾಂಟೀನಿನ ಬಾಣಲೆಯಲ್ಲಿ ಹುರಿದೆವು. 500 ಗ್ರಾಂ ಇದ್ದದ್ದು 446ಕ್ಕೆ ಇಳಿಯಿತು. ತೇವಾಂಶ ಶೇಕಡ 12. ಗುಡ್ಡೆಯ ಮೇಲಿನ ಪುಡಿಯಲ್ಲಿ 6. ದಪ್ಪ ಜಲ್ಲಿಯಲ್ಲಿ ಒಂದೂವರೆ. ಪರೀಕ್ಷೆಗೆ ಹಿಡಿದದ್ದು ಇಪ್ಪತ್ತು ನಿಮಿಷ, ಬೇಕಾದದ್ದು ತಕ್ಕಡಿ ಮತ್ತು ಒಲೆ. ಮೂರು ವಾರದ ಗುದ್ದಾಟದ ಮೊದಲ ದಿನವೇ ಇದನ್ನು ಮಾಡಬಹುದಿತ್ತು. ಕ್ವಾಲಿಟಿ ಕಂಟ್ರೋಲ್ ಎಂದು ಬೋರ್ಡು ಹಾಕಿಕೊಂಡವನು ನಾನೇ.

ಲೆಕ್ಕ

ನಮ್ಮ ಡಿಬಿಎಂ ಮಿಶ್ರಣದಲ್ಲಿ ಪುಡಿಯ ಪಾಲು ಸುಮಾರು 40 ಶೇಕಡ. ಜಲ್ಲಿ 1.5, ಪುಡಿ 12 ಎಂದರೆ ಒಟ್ಟು ಸರಾಸರಿ ತೇವಾಂಶ 5.7. ಪ್ಲಾಂಟಿನ ಪುಸ್ತಕ ತೆಗೆದು ನೋಡಿದರೆ 160 ಟನ್ ಎಂದು ಬರೆದದ್ದರ ಕೆಳಗೆ ಸಣ್ಣಕ್ಷರದಲ್ಲಿ: 3 ಶೇಕಡ ತೇವಾಂಶಕ್ಕೆ. ಕಂಪನಿಯವರು ಸುಳ್ಳು ಹೇಳಿರಲಿಲ್ಲ. ನಾವು ಓದಿರಲಿಲ್ಲ.

ಒಂದು ಟನ್ ಒಣ ಜಲ್ಲಿಯನ್ನು 30ರಿಂದ 165 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 113 ಮೆಗಾಜೂಲ್. ಅದರ ಜೊತೆಗಿರುವ ನೀರು ಶೇಕಡ ಒಂದು ಹೆಚ್ಚಾದಾಗಲೆಲ್ಲ, ಎಂದರೆ 10 ಲೀಟರ್ ನೀರನ್ನು ಹಬೆ ಮಾಡಲು, ಇನ್ನೊಂದು 26 ಮೆಗಾಜೂಲ್ ಬೇಕು. ಆರು ಶೇಕಡದ ಹತ್ತಿರ ಹೋದರೆ ಕಲ್ಲು ಬಿಸಿ ಮಾಡಲು ಹೋಗುವುದಕ್ಕಿಂತ ಜಾಸ್ತಿ ಶಾಖ ನೀರು ಓಡಿಸಲು ಹೋಗುತ್ತದೆ. ಕೂಡಿಸಿ ಭಾಗಿಸಿ ನೋಡಿದರೆ 160ರ ಪ್ಲಾಂಟ್ 5.7 ಶೇಕಡಕ್ಕೆ ಕೊಡಬೇಕಾದದ್ದು 115ರ ಹತ್ತಿರ. ನಾವು ಪಡೆಯುತ್ತಿದ್ದದ್ದು 112. ಪ್ಲಾಂಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು ಪಾಪ.

ನಿರ್ಧಾರಗಳು

ಮೊದಲನೆಯದ್ದು ಖರ್ಚಿಲ್ಲದ್ದು. ಲೋಡರ್ ಬೆಳಿಗ್ಗೆಯೂ ಹಿಂದಿನ ಎತ್ತರದ ಬದಿಯಿಂದಲೇ ಎತ್ತಬೇಕು. ಬುಡದ ಒಂದಡಿ ಪುಡಿ ಮುಟ್ಟಬಾರದು. ಲೋಡರಿನ ಒಂದೊಂದು ಸುತ್ತು ಅರ್ಧ ನಿಮಿಷ ಜಾಸ್ತಿ, ಅಷ್ಟೇ. ಇದರಿಂದಲೇ ಬೆಳಗಿನ ಹೊಗೆ ಅರ್ಧಕ್ಕೆ ಇಳಿಯಿತು.

ಎರಡನೆಯದ್ದು ಪ್ಲಾಂಟ್ ಇನ್‌ಚಾರ್ಜ್ ತಲೆಗೆ ಹೊಳೆದದ್ದು. ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದದ್ದೂ ಅದೇ. ಡಾಮರು ಪದರದ ಕೆಳಗೆ ವೆಟ್ ಮಿಕ್ಸ್ (ಜಲ್ಲಿ, ಪುಡಿ, ನೀರಿನ ಮಿಶ್ರಣ) ಹಾಕುತ್ತೇವಲ್ಲ, ಅದಕ್ಕೆ ಹೇಗಿದ್ದರೂ ನೀರು ಸೇರಿಸಬೇಕು. ಅಲ್ಲಿಗೆ ಒಣ ಪುಡಿ ತಂದು ನೀರು ಹಾಕುತ್ತಿದ್ದೆವು. ಇಲ್ಲಿ ಒದ್ದೆ ಪುಡಿ ತಂದು ಎಣ್ಣೆ ಸುಟ್ಟು ಒಣಗಿಸುತ್ತಿದ್ದೆವು. ಒಂದೇ ಕಂಪನಿ, ಎರಡು ಕಿಲೋಮೀಟರ್ ಅಂತರ. ಮಳೆಗಾಲದ ಗುಡ್ಡೆಯನ್ನು ವೆಟ್ ಮಿಕ್ಸ್ ಪ್ಲಾಂಟಿಗೆ ತಿರುಗಿಸಿ, ಹಾಟ್ ಮಿಕ್ಸಿಗೆ ಕ್ರಷರಿನಿಂದ ದಿನದಿನದ ಹೊಸ ಪುಡಿ ತರಿಸಿದೆವು. ಖರೀದಿ ವಿಭಾಗದವರಿಗೆ ಸ್ವಲ್ಪ ಬೇಸರವಾಯಿತು. ಹೊಗಳಿಕೆ ಬಂದ ಗುಡ್ಡೆ ಅಲ್ವಾ?

ಮೂರನೆಯದ್ದು ಮಾಡು, ಎಂದರೆ ಚಾವಣಿ. ಪುಡಿ ಹಾಕುವ ಜಾಗಕ್ಕೆ ಶೀಟಿನ ಮಾಡು ಬೇಕೆಂದು ಬರೆದೆವು. ಎಲ್ಲ ಜಲ್ಲಿಗೂ ಬೇಡ. 20 ಮಿಲಿಮೀಟರ್ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ಎರಡು ಗಂಟೆ ಬಿಸಿಲಿಗೆ ಹೋಗುತ್ತದೆ. ನೀರು ಹಿಡಿದುಕೊಳ್ಳುವುದು ಪುಡಿ, ಅದಕ್ಕಷ್ಟೇ ಮಾಡು ಸಾಕು. ಹೆಡ್ ಆಫೀಸಿನ ಉತ್ತರ: ಡಿಸೆಂಬರಿನಿಂದ ಮಳೆಯಿಲ್ಲ, ಒಂದೆರಡು ಸೀಸನ್ನಿನ ಕೆಲಸಕ್ಕೆ ಶೆಡ್ಡು ಯಾಕೆ? ಒಂದು ರೀತಿಯಲ್ಲಿ ಅವರ ಪ್ರಶ್ನೆ ಸರಿಯೇ. ನಾವು ಲೆಕ್ಕ ಕಳಿಸಿದೆವು. ಉಳಿದದ್ದು 80 ಸಾವಿರ ಟನ್. ಅದರಲ್ಲಿ ಅರ್ಧ ಮಾತ್ರ ಒದ್ದೆ ದಿನಗಳಲ್ಲಿ ಆಗುತ್ತದೆ ಎಂದು ಹಿಡಿದರೂ, ಟನ್ನಿಗೆ 2.2 ಲೀಟರಿನಂತೆ 88 ಸಾವಿರ ಲೀಟರ್ ಎಣ್ಣೆ. ಪೇವರ್, ರೋಲರ್, ಹತ್ತು ಟಿಪ್ಪರ್ ಮಾಲಿಗಾಗಿ ಕಾದು ನಿಲ್ಲುವ ಬಾಡಿಗೆ ಬೇರೆ. ದೊಡ್ಡ ಶೆಡ್ಡಿಗೆ ಒಪ್ಪಲಿಲ್ಲ. ಇದ್ದ ಸಾಮಾನಿನಲ್ಲಿ ಏನಾದರೂ ಮಾಡಿಕೊಳ್ಳಿ ಅಂದರು.

ಮಾಡಿಕೊಂಡೆವು. ಸೆಂಟ್ರಿಂಗ್ ಪೈಪು, ಹಳೆ ಶೀಟು, 5 ಮೀಟರ್ ಎತ್ತರ. ಮೊದಲ ಟಿಪ್ಪರ್ ಬಂದು ತೊಟ್ಟಿ ಎತ್ತಿದಾಗಲೇ ಗೊತ್ತಾಯಿತು, ತೊಟ್ಟಿ ಪೂರ್ತಿ ಎದ್ದರೆ ಮಾಡು ಹಾರಿಹೋಗುತ್ತದೆ. ಹೊರಗೆ ಸುರಿದು ಲೋಡರಿನಲ್ಲಿ ಒಳಗೆ ತಳ್ಳುವುದು, ಮತ್ತೆ ಎತ್ತುವುದು. ಎರಡು ಕೆಲಸ. ಮಾಡಿನ ಎತ್ತರ ಅಳೆಯುವ ಮೊದಲು ಟಿಪ್ಪರಿನ ಎತ್ತರ ಅಳೆಯದವರು ಇಂಜಿನಿಯರುಗಳು ಎಂದು ಇಲ್ಲೇ ಬರೆದಿಡುತ್ತೇನೆ. ಏಪ್ರಿಲ್ ನಡುವಿನ ಒಂದು ಸಂಜೆ ಗಾಳಿಮಳೆ ಬಂದು ಅರ್ಧ ಶೀಟನ್ನು ತೆಗೆದುಕೊಂಡು ಹೋಗಿ ಗದ್ದೆಯಲ್ಲಿ ಹಾಕಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

ಆಮೇಲೆ ಸರಿಯಾದ ಶೆಡ್ಡಿಗೆ ಒಪ್ಪಿಗೆ ಬಂತು. 24 ಮೀಟರ್ ಅಗಲ, 40 ಮೀಟರ್ ಉದ್ದ, 9 ಮೀಟರ್ ಎತ್ತರ. ಹತ್ತು ದಿನಕ್ಕೆ ಬೇಕಾದ ಪುಡಿ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ನೆಲ. ಜಲ್ಲಿ ಹಾಕಿ ಎರಡಡಿ ಎತ್ತರಿಸಿ, ಮೇಲೆ ಕಾಂಕ್ರೀಟು ಹಾಕಿ, ಲೋಡರ್ ನಿಲ್ಲುವ ಬದಿಗೆ ವಿರುದ್ಧವಾಗಿ ಇಳಿಜಾರು ಕೊಟ್ಟೆವು. ಆಚೆ ಬದಿಯಲ್ಲಿ ಚರಂಡಿ, ಚರಂಡಿಯ ನೀರು ಕೋರೆಯ ಮೂಲೆಯ ಹೊಂಡಕ್ಕೆ, ಅಲ್ಲಿಂದ ಪಂಪು. ಮಾಡು ಮೇಲಿನ ನೀರನ್ನು ತಡೆಯುತ್ತದೆ. ಕೋರೆಯಲ್ಲಿ ನಮಗೆ ತೊಂದರೆ ಕೊಟ್ಟದ್ದು ಬುಡದ ನೀರು.

ಆದದ್ದು

ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಂಟೆಗೆ 150ರ ಮೇಲೆ ಬರುತ್ತಿತ್ತು. ಮೀಟಿಂಗಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ನಾಲ್ಕು ತಿಂಗಳ ಅಂಕಿಯಿಂದ ನಾವು ಮಾಡಿದ್ದು ಸರಿಯಾಯಿತೇ ಇಲ್ಲವೇ ಎಂದು ಹೇಳಲು ಬರುವುದಿಲ್ಲ. ಬೇಸಗೆಯಲ್ಲಿ ಪುಡಿ ತಾನಾಗಿಯೇ ಒಣಗುತ್ತದೆ. ಏನೂ ಮಾಡದೆ ಕೂತಿದ್ದರೂ 145 ಬರುತ್ತಿತ್ತೋ ಏನೋ. ಇಂಥ ಕೆಲಸದಲ್ಲಿ ಹವೆ ಮಾಡಿದ್ದನ್ನು ನಾವು ಮಾಡಿದ್ದು ಎಂದು ಬರೆದುಕೊಳ್ಳುವುದು ಬಹಳ ಸುಲಭ.

ನಿಜವಾದ ಪರೀಕ್ಷೆ ಎರಡು ಸಲ ಆಯಿತು. ಮೊದಲನೆಯದ್ದು ಏಪ್ರಿಲ್, ಮೇ. ಶೀಟು ಹಾರಿದ ಮೇಲೆ ಹೊಸ ಶೆಡ್ಡು ಏಳುವವರೆಗಿನ ಮೂರು ವಾರ ಸಂಜೆ ಮಳೆ ಬಂದ ಮರುದಿನವೆಲ್ಲ 125ರ ಆಸುಪಾಸು. ಶೆಡ್ಡು ಎದ್ದ ಮೇಲೆ, ಅದೇ ಮೇ ತಿಂಗಳಲ್ಲಿ, ಅಂಥದೇ ಮಳೆಯ ಮರುದಿನ 148. ಎರಡನೆಯದ್ದು ಮುಂದಿನ ಅಕ್ಟೋಬರ್. ಭೂಸ್ವಾಧೀನ, ಕರೆಂಟ್ ಕಂಬ, ಮರ ಎಂದು ಕೆಲಸ ಎಳೆದದ್ದರಿಂದ ಎರಡನೇ ಸೀಸನ್ ಬಂದೇ ಬಂತು. ಆ ಅಕ್ಟೋಬರಿನ ಸರಾಸರಿ 147 ಟನ್, ಎಣ್ಣೆ ಟನ್ನಿಗೆ 6.4 ಲೀಟರ್. ಪುಡಿಯ ತೇವಾಂಶ 6ರಿಂದ 7. ಮಾಲಿನ ಬಿಸಿ 152ರಿಂದ 164ರ ಒಳಗೆ ನಿಂತಿತು. ಈ ಸಲ ಪುಡಿ ಬಂದ ಪ್ರತಿ ದಿನ ಬೆಳಿಗ್ಗೆ ಬಾಣಲೆ ಒಲೆಗೆ ಏರುತ್ತಿತ್ತು. ಶೇಕಡ 8 ದಾಟಿದರೆ ಆ ಲೋಡು ವೆಟ್ ಮಿಕ್ಸಿಗೆ. ತೂಕದ ಬಿಲ್ಲಿನಲ್ಲಿ ನೀರಿನ ಭಾಗ ಕಳೆಯುವುದೆಂದು ಕ್ರಷರಿನವರ ಜೊತೆ ಹೊಸ ಒಪ್ಪಂದವೂ ಆಯಿತು. ಸಹಿ ಹಾಕುವಾಗ ಅವರು ಒಂದು ಗಂಟೆ ಜಗಳ ಮಾಡಿದರು. ಆಮೇಲೆ ಅವರೇ ಪುಡಿಗೆ ಟಾರ್ಪಾಲು ಹಾಕತೊಡಗಿದರು.

ಇಂಥ ಪ್ಲಾಂಟನ್ನು ಕರಾವಳಿಯಲ್ಲಿ ಹಾಕುವವರು ನನ್ನನ್ನು ಕೇಳಿದರೆ ನಾನು ಬರ್ನರಿನ ಮಾತಿಗೆ ಹೋಗುವುದಿಲ್ಲ. ಜಾಗವನ್ನು ಮಾರ್ಚಿನಲ್ಲಿ ಒಮ್ಮೆ ನೋಡಿದರೆ ಸಾಲದು, ಜುಲೈಯಲ್ಲಿ ಕೊಡೆ ಹಿಡಿದುಕೊಂಡು ಇನ್ನೊಮ್ಮೆ ಹೋಗಿ ಎನ್ನುತ್ತೇನೆ. ಮಳೆಗಾಲದ ರೇಟಿನಲ್ಲಿ ಕಲ್ಲು ಕೊಳ್ಳಿ, ಪುಡಿ ಕೊಳ್ಳಬೇಡಿ. ಬ್ಯಾಚಿನ ಪ್ರಿಂಟನ್ನು ಟನ್ನಿಗಾಗಿ ಓದುವುದು ಬಿಲ್ಲಿನವರ ಕೆಲಸ. ಸೆಕೆಂಡಿಗಾಗಿ ಓದುವವರು ಒಬ್ಬರು ಬೇಕು.

ತೋಟದ ಹಿರಿಯರು ಅರ್ಜಿ ಕೊಡಲಿಲ್ಲ. ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಎರಡನೇ ಅಕ್ಟೋಬರಿನಲ್ಲಿ ಹೋಗಿ ನೋಡಿದೆ. ತಿಂಗಳಿಗೆ ನಾಲ್ಕು ಗುರುತು. ನಾಲ್ಕೂ ಪ್ಲಾಂಟ್ ಶುರು ಮಾಡುವ ಹೊತ್ತಿನವು, ಹತ್ತು ನಿಮಿಷದವು.

ಒಂದು ಬಾಕಿ ಉಳಿದಿದೆ. ಮೊದಲ ಮೂರು ವಾರದಲ್ಲಿ, ಮಸಿ ಹಿಡಿದ ಜಲ್ಲಿಯಲ್ಲಿ ಹಾಕಿದ ಡಿಬಿಎಂ. ಅದರ ಮಾದರಿಗಳ ಮೇಲೆ ನೀರಿನ ಪರೀಕ್ಷೆ ಮಾಡಿದಾಗ ಟೆನ್ಸೈಲ್ ಸ್ಟ್ರೆಂತ್ ರೇಶಿಯೊ, ಎಂದರೆ ನೀರು ತಗುಲಿದ ಮೇಲೂ ಉಳಿಯುವ ಬಲ, ಶೇಕಡ 74 ಬಂದಿತ್ತು. ಕನಿಷ್ಠ 80 ಬೇಕು. ಮೇಲೆ ಬಿ.ಸಿ. ಪದರ ಹಾಕಿದರೆ ನೀರು ಇಳಿಯುವುದಿಲ್ಲ, ತಡೆಯುತ್ತದೆ ಎಂದು ಒಬ್ಬರು ವಾದಿಸಿದರು. ನಾನು ಬೇಡ ಎಂದು ಬರೆದೆ, ಆದರೆ ಗಟ್ಟಿಯಾಗಿ ಬರೆಯಲಿಲ್ಲ. ಜೂನ್, ಜುಲೈ ಕಳೆಯಿತು. ಆಗಸ್ಟಿನಲ್ಲಿ 1.8 ಕಿಲೋಮೀಟರ್ ಉದ್ದಕ್ಕೆ ಹನ್ನೊಂದು ಕಡೆ ಗುಂಡಿ ಬಿತ್ತು. ಗುಂಡಿಯಲ್ಲಿ ಕೈ ಹಾಕಿ ತೆಗೆದ ಕಲ್ಲು ತೊಳೆದಿಟ್ಟ ಹಾಗೆ ಬೆಳ್ಳಗಿತ್ತು, ಡಾಮರಿನ ಸುಳಿವೇ ಇರಲಿಲ್ಲ. ಎರಡನೇ ಸೀಸನ್ನಿನ ಮೊದಲ ಎರಡು ದಿನ ಪ್ಲಾಂಟಿನಿಂದ ಹೊರಟ ಮಾಲೆಲ್ಲ ಹೋದದ್ದು ಅಲ್ಲಿಗೆ. ಗುತ್ತಿಗೆದಾರರ ಸ್ವಂತ ಖರ್ಚಿನಲ್ಲಿ ಕಿತ್ತು, ಮತ್ತೆ ಹಾಕಿ, ಮೇಲೆ ಬಿ.ಸಿ. ಪದರ ಎಳೆದೆವು.